ಚಿನ್ನಾದೇವಿ ಯಾರ ಮನಿತನದಾಕಿ, ಲಗ್ನ ಆಗಿತ್ತೋ ಇಲ್ಲೋ: ನೀವೇ ತಪಾಸ ಮಾಡೋದು ಹೆಂಗ

ಹಂಪಿ ಉತ್ಸವ ಹತ್ರ ಬಂತಂದ್ರ ಸಾಕ್ರಿ, ನಮ್ಮ ಗಂಗಾವತಿ ಹೊಸಪೇಟಿ ಕಡೆ ವಾಟ್ಸಾಪ್ ಗ್ರೂಪ್‌ನಾಗ ಅದೇ ಕಥಿ ತಿರಗಾಡಾಕ ಶುರು ಆಗ್ತೈತಿ. ಕೃಷ್ಣದೇವರಾಯ ಪಟ್ಟಕ್ಕ ಬರೋಕಿಂತ ಮೊದ್ಲ ಒಬ್ಬ ನರ್ತಕಿ ಮ್ಯಾಲ ಮನಸ್ಸಿಟ್ಟಿದ್ದ, ರಾಜ ಆದಮ್ಯಾಲೂ ಕದ್ದು ಕದ್ದು ಅಕಿ ಮನಿಗೆ ಹೋಗ್ತಿದ್ದ, ಮಂತ್ರಿ ತಿಮ್ಮರಸು ಹಿಡದ, ಕಡೀಕ ತಾನೇ ನಿಂತು ಲಗ್ನ ಮಾಡಿಸಿದ, ರಾಯ ಅಕಿ ಹೆಸರಿಗೆ ಒಂದು ಊರು ಕಟ್ಟಿಸಿದ ಅಂತ. ಒಬ್ಬ ಅಕಿ ಹೆಸರು ಚಿನ್ನಾದೇವಿ ಅಂತಾನ, ಇನ್ನೊಬ್ಬ ನಾಗಲಾದೇವಿ ಅಂತಾನ, ಮೂರನೇದಾವ ಬಂದು ಎರಡೂ ಒಬ್ಬಾಕೀದ ಹೆಸರು ಬಿಡ್ರಿ ಅಂತ ಜಗಳ ಮುಗಸ್ತಾನ. ಅದರಾಗ ಅರ್ಧ ಖರೆ ಐತಿ, ಅರ್ಧ ಕಲಸುಮೇಲೋಗರ.

ಇದನ್ನ ನಾಟಕಕ್ಕ, ಕಾಲೇಜ್ ಸೆಮಿನಾರ್‌ಗೆ, ರೀಲ್ಸ್‌ಗೆ ತಗೊಳ್ಳೋರು ಭಾಳ ಮಂದಿ ಅದಾರ, ಗೈಡ್ ಕೆಲಸಕ್ಕ ತಯಾರಿ ಮಾಡೋ ಹುಡುಗರೂ ಕೇಳ್ತಿರ್ತಾರ, ಅವರಿಗಂತನ ಬರಿಯಾಕತ್ತೀನಿ. ರಾಜ ಇಟ್ಟುಕೊಂಡಾಕಿ ಅಂತ ಕಥಿ ಇರೋ ಒಬ್ಬ ಹೆಣ್ಣುಮಗಳ ಮನಿತನ ಯಾವ್ದು, ಲಗ್ನ ಖರೇನಾ ಅಂತ ತಪಾಸ ಮಾಡಬೇಕಂದ್ರ ಎಲ್ಲಿಂದ ಶುರು ಮಾಡಬೇಕು, ಯಾರನ್ನ ಎಷ್ಟು ನಂಬಬೇಕು ಅನ್ನೋದು.

ಮೊದ್ಲ ಒಂದು ನೋಟ್‌ಬುಕ್ ತಗೋರಿ. ನಾಕು ಕಾಲಂ ಹಾಕ್ರಿ: ಹೆಸರು, ಯಾರು ಹೇಳಿದ್ರು, ಯಾವಾಗ ಬರದ್ರು, ಕಣ್ಣಾರೆ ನೋಡಿ ಬರದ್ರೋ ಯಾರೋ ಹೇಳಿದ್ದ ಕೇಳಿ ಬರದ್ರೋ. ಒಂದೊಂದು ಹೆಸರಿಗೆ ಒಂದೊಂದು ಸಾಲು ಬಿಡ್ರಿ, ಇವರಿಬ್ಬರೂ ಒಬ್ಬರೇ ಇರಬೇಕು ಅಂತ ನಿಮಗ ಎಷ್ಟು ಅನ್ನಿಸಿದ್ರೂ ಕೂಡಿಸಬ್ಯಾಡ್ರಿ, ಕೂಡಸೋದು ಕಡೀಕ. ಕೃಷ್ಣದೇವರಾಯನ ವಿಷಯದಾಗ ಕನಿಷ್ಠ ನಾಕು ಹೆಣ್ಣುಮಕ್ಕಳ ಸಾಲು ಬೇಕು: ನಾಗಲಾದೇವಿ, ತಿರುಮಲದೇವಿ, ಚಿನ್ನಾದೇವಿ, ಮತ್ತ ಒರಿಸ್ಸಾದ ಗಜಪತಿ ಪ್ರತಾಪರುದ್ರನ ಮಗಳು. ಈ ಕಡೀ ಹೆಣ್ಣುಮಗಳಿಗೆ ತುಕ್ಕಾದೇವಿ, ಜಗನ್ಮೋಹಿನಿ, ಅನ್ನಪೂರ್ಣಾದೇವಿ ಅಂತ ಒಬ್ಬೊಬ್ಬರು ಒಂದೊಂದು ಹೆಸರು ಹೇಳ್ತಾರ, ಆ ತಲಿನೋವಿಗೆ ಈಗ ಕೈ ಹಾಕಬ್ಯಾಡ್ರಿ, "ಗಜಪತಿ ಮಗಳು" ಅಂತ ಬರಕೊಂಡು ಮುಂದ ನಡೀರಿ.

ಆಮ್ಯಾಲ ಕಲ್ಲಿಗೆ ಹೋಗ್ರಿ. ಪುಸ್ತಕ, ಯೂಟ್ಯೂಬ್ ಎಲ್ಲಾ ಹಿಂದ. ಹಂಪಿ ವಿರೂಪಾಕ್ಷ ಗುಡಿಯಾಗ ರಂಗಮಂಟಪದ ಮುಂದ ಒಂದು ಶಾಸನದ ಕಲ್ಲು ಐತಿ, ಪಟ್ಟಾಭಿಷೇಕದ ಹೊತ್ತಿನಾಗ ಕೃಷ್ಣದೇವರಾಯ ಆ ಮಂಟಪ, ಗೋಪುರ ಕಟ್ಟಿಸಿ ಸಿಂಗನಾಯಕನಹಳ್ಳಿ ಅನ್ನೋ ಊರನ್ನ ದೇವರಿಗೆ ಬಿಟ್ಟಿದ್ದ ಹೇಳೋ ಕಲ್ಲು. ದಿನಾ ಸಾವಿರ ಮಂದಿ ಅದರ ಬಾಜೂಕ ಹಾದು ಆನಿ ಹತ್ರ ಸೆಲ್ಫಿಗೆ ಹೋಗ್ತಾರ, ಕಲ್ಲಿನ ಕಡೆ ತಿರುಗಿ ನೋಡೋರು ಕಡಿಮಿ. ಅದರಾಗ ರಾಯನ ವಂಶಾವಳಿ ಐತಿ. ಅಪ್ಪ ತುಳುವ ನರಸನಾಯಕ, ಅವನ ಹೆಂಡರು, ಮಕ್ಕಳು. ಸಂಸ್ಕೃತ ಶ್ಲೋಕದಾಗ "ತಿಪ್ಪಾಜೀ ನಾಗಲಾದೇವ್ಯೋಃ ಕೌಸಲ್ಯಾ ಶ್ರೀ ಸುಮಿತ್ರಯೋಃ" ಅಂತ ಬರತೈತಿ. ಅಂದ್ರ ದಶರಥನಿಗೆ ಕೌಸಲ್ಯೆ ಸುಮಿತ್ರೆಯರಲ್ಲಿ ರಾಮ ಲಕ್ಷ್ಮಣ ಹುಟ್ಟಿದಂಗ, ನರಸನಿಗೆ ತಿಪ್ಪಾಜಿಯಲ್ಲಿ ವೀರನರಸಿಂಹ, ನಾಗಲಾದೇವಿಯಲ್ಲಿ ಕೃಷ್ಣರಾಯ ಹುಟ್ಟಿದ್ರು ಅಂತ. ಮೂರನೇ ಹೆಂಡತಿ ಓಬಾಂಬಿಕೆ, ಅಕಿ ಮಕ್ಕಳು ರಂಗ ಮತ್ತ ಅಚ್ಯುತ, ಇದು ಮಾತ್ರ ಮುಂದಿನ ಅಚ್ಯುತರಾಯನ ಕಾಲದ ಶಾಸನದಾಗ ಸಿಗತೈತಿ.

ಇಷ್ಟು ಓದಿದ್ರ ಅರ್ಧ ವಾಟ್ಸಾಪ್ ಕಥಿ ಅಲ್ಲೇ ಬಿದ್ದು ಹೋಗ್ತೈತಿ, ಯಾಕಂದ್ರ ನಾಗಲಾದೇವಿ ಕೃಷ್ಣದೇವರಾಯನ ಪ್ರೇಯಸಿ ಅಲ್ಲ, ಹಡದವ್ವ. ನೋಟ್‌ಬುಕ್ಕಿನಾಗ ಆ ಸಾಲಿನ ಮುಂದ ದಪ್ಪಗ "ತಾಯಿ" ಅಂತ ಬರೀರಿ.

ತಾರೀಖು ತಗಿಯಾಗ ಸ್ವಲ್ಪ ಹುಷಾರ್. ಶಕ ವರ್ಷಕ್ಕ 78 ಕೂಡಿಸಿದ್ರ ಇಸವಿ ಬರತೈತಿ, ಆದ್ರ ಪುಷ್ಯ ಮಾಘದ ತಿಂಗಳು ಜನವರಿ ಫೆಬ್ರುವರಿಗೆ ಬೀಳ್ತಾವಲ್ಲ, ಅವಕ್ಕ ಬಹಳಷ್ಟು ಸಲ 79 ಕೂಡಿಸಬೇಕು. ಈ ವಿರೂಪಾಕ್ಷ ಶಾಸನದಾಗ ಶಕ 1430, ಶುಕ್ಲ ಸಂವತ್ಸರ, ಮಾಘ ಶುದ್ಧ 14 ಅಂತ ಐತಿ. 79 ಕೂಡಿಸಿದ್ರ 1509 ಬರತೈತಿ, ಆದ್ರ ಶಕ 1430 ವಿಭವ ಸಂವತ್ಸರ, ಶುಕ್ಲ ಅನ್ನೋದು ಅದರ ಮುಂದಿಂದು. ಹಿಂಗ ಎರಡೂ ಹೊಂದದಾಗ ಸಂವತ್ಸರದ ಹೆಸರನ್ನ ನಂಬೋದು ರೂಢಿ, ಅದಕ್ಕ ಇದನ್ನ 1510ರ ಜನವರಿ ಅಂತ ಹಿಡೀತಾರ. ಮೊಬೈಲ್ ಕ್ಯಾಲ್ಕುಲೇಟರ್ ಒಂದನ್ನೇ ನಂಬಿ ಕುಂತ್ರ ಒಂದು ವರ್ಷ ಹಿಂದ ಹೋಗ್ತೀರಿ, ಆಮ್ಯಾಲ ಯಾವ ರಾಣಿ ಯಾವಾಗ ಬಂದ್ಲು ಅನ್ನೋ ಲೆಕ್ಕ ಪೂರ್ತಿ ಅಡ್ಡಾದಿಡ್ಡಿ.

ವಂಶಾವಳಿ ಶಾಸನ ಓದಾಗ ಒಂದು ನೆನಪಿಡ್ರಿ, ಅದು ಲಗ್ನಪತ್ರಿಕೆ ಇದ್ದಂಗ, ಹೆಸರು ಸಂಬಂಧ ಸರಿ ಇರತಾವ, ಮನಿಯಾಗಿನ ಮಾತು ಮಾತ್ರ ಬರೂದಿಲ್ಲ. ಗಜಪತಿ ಕಡೆಯವರು ಕೃಷ್ಣದೇವರಾಯನ್ನ ದಾಸಿ ಮಗ ಅಂತ ಹಂಗಿಸಿದ್ರು ಅಂತ ಒಂದು ಕಥಿ ಜನರ ಬಾಯಾಗ ಐತಿ. ಪಟ್ಟ ಆದ ಹೊತ್ತಿನ ಶಾಸನ ನಾಗಲಾದೇವಿಯನ್ನ ಸೀದಾ ಸುಮಿತ್ರಿಗೆ ಹೋಲಿಸ್ತೈತಿ. ಆಸ್ಥಾನದವರು ಆಕೀನ ಯಾವ ಸ್ಥಾನದಾಗ ತೋರಿಸಬೇಕಂತ ಇದ್ರು ಅನ್ನೋದು ಅಲ್ಲಿ ಗೊತ್ತಾಗ್ತೈತಿ, ಊರಾಗ ಮಂದಿ ಏನು ಆಡಿಕೊಂತಿದ್ರು ಅನ್ನೋದು ಕಲ್ಲಿನಾಗ ಸಿಗೂದಿಲ್ಲ.

ಈಗ ಚಿನ್ನಾದೇವಿ ಸಾಲು. ಇಕಿಗೆ ಕಲ್ಲು ಹುಡುಕಾಕ ಹಂಪಿ ಸುತ್ತ ಅಷ್ಟೇ ತಿರಗಬ್ಯಾಡ್ರಿ, ಆಂಧ್ರದ ಕಡೆ ನೋಡ್ರಿ. 1513ರಾಗ ಕೃಷ್ಣದೇವರಾಯ ಮೊದ್ಲ ಸಲ ತಿರುಪತಿಗೆ ಹೋದಾಗ ಇಬ್ಬರು ರಾಣಿಯರು ಜೊತಿಗಿದ್ರು, ಚಿನ್ನಾಜಿದೇವಿ ಮತ್ತ ತಿರುಮಲದೇವಿ, ಇಬ್ಬರೂ ದೇವರಿಗೆ ಹಾಲಿನ ನೈವೇದ್ಯಕ್ಕಂತ ಒಂದೊಂದು ಬಂಗಾರದ ಬಟ್ಟಲು ಕೊಟ್ಟಿದ್ದು ಅಲ್ಲಿನ ಶಾಸನದಾಗ ಐತಿ. 1515ರಾಗ ಕೊಂಡವೀಡು ಗೆದ್ದಮ್ಯಾಲ ಅಮರಾವತಿ ಅಮರೇಶ್ವರನ ಮುಂದ ರಾಯ ತುಲಾಪುರುಷ ದಾನ (ತನ್ನ ತೂಕದಷ್ಟು ಬಂಗಾರ ಕೊಡೋ ದಾನ) ಮಾಡಿದಾಗ ಇದೇ ಇಬ್ಬರು ರತ್ನಧೇನು, ಸಪ್ತಸಾಗರ ಅನ್ನೋ ಮಹಾದಾನ ಮಾಡಿದ್ರು. ಮುಂದ ಸಿಂಹಾಚಲದಾಗೂ ಇಬ್ಬರೂ ಕಾಣಿಕಿ ಕೊಟ್ಟಾರ. ತಿರುಮಲದ ಗುಡಿಯೊಳಗ ರಾಯ ಕೈ ಮುಗಿದು ನಿಂತ ತಾಮ್ರದ ಮೂರ್ತಿ ನೀವು ನೋಡಿರತೀರಿ, ಕ್ಯೂನಾಗ ತಳ್ಳಿಸಿಕೊಂಡು ಹೋಗಾಗ ಕಣ್ಣಿಗೆ ಬೀಳ್ತೈತಿ, ಅವನ ಆಚೀಚೆ ನಿಂತೋರೂ ಇವರಿಬ್ಬರೇ, ಮೂರ್ತಿ ಮ್ಯಾಲ ಹೆಸರು ಕೆತ್ತಿದ್ದು ಐತಿ.

ಇದನ್ನೆಲ್ಲಾ ನೋಡಾಕ ಬಸ್ ಹತ್ತಬೇಕಂತಿಲ್ಲ. ತಿರುಮಲದ ಶಾಸನಗಳನ್ನ ದೇವಸ್ಥಾನದವರೇ ಸಂಪುಟ ಮಾಡಿ ತಂದಾರ, ಕೃಷ್ಣದೇವರಾಯನ ಕಾಲದ್ದು ಮೂರನೇ ಸಂಪುಟ. ಬಳ್ಳಾರಿ 1953ರ ತನಕ ಮದ್ರಾಸ್ ಕಡೆ ಇದ್ದದ್ದಕ್ಕ ನಮ್ಮ ಕಡೆ ಶಾಸನಗಳು ಮೈಸೂರಿನ ಎಪಿಗ್ರಾಫಿಯಾ ಕರ್ನಾಟಿಕಾದಾಗ ಅಲ್ಲ, ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಒಂಬತ್ತನೇ ಸಂಪುಟದಾಗ ಸಿಗತಾವ, ಇದು ಗೊತ್ತಿಲ್ದ ಭಾಳ ಹುಡುಗರು ತಪ್ಪು ಕಪಾಟಿನಾಗ ಹುಡುಕಿ ವಾಪಸ್ ಬರತಾರ. ಹಂಪಿ ಕನ್ನಡ ವಿಶ್ವವಿದ್ಯಾಲಯ ತಂದ ಶಾಸನ ಸಂಪುಟಗಳೂ ಅದಾವ, ಕನ್ನಡದಾಗೇ ಓದಬೇಕನ್ನೋರಿಗೆ ಅವು ಛಲೋ.

ಇನ್ನ ಪರದೇಶದವರು. ಇಲ್ಲಿ ಮಂದಿ ಎರಡು ನಮೂನಿ ಎಡವತಾರ, ಒಬ್ಬರು ಪೋರ್ಚುಗೀಸರು ಬರದಿದ್ದೇ ಅಂತಿಮ ಅಂತಾರ, ಇನ್ನೊಬ್ಬರು ಪರದೇಶದವರದ್ದೆಲ್ಲಾ ಸುಳ್ಳು ಅಂತಾರ. ಎರಡೂ ಬಿಟ್ಟು ಅಂವ ಎಲ್ಲಿ ನಿಂತು ನೋಡಿದ ಅಂತ ಕೇಳ್ರಿ.

ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ 1520ರ ಆಸುಪಾಸು ವಿಜಯನಗರದಾಗಿದ್ದ, ರಾಯ ಇನ್ನೂ ಬದುಕಿದ್ದ ಕಾಲ. ಅಂವ ಬರಿಯೋದು ಹಿಂಗ: ರಾಜನಿಗೆ ಹನ್ನೆರಡು ಮಂದಿ ಲಗ್ನದ ಹೆಂಡರು, ಅವರಾಗ ಮೂವರು ಮುಖ್ಯ, ಒಬ್ಬಾಕಿ ಒರಿಸ್ಸಾ ರಾಜನ ಮಗಳು, ಒಬ್ಬಾಕಿ ಶ್ರೀರಂಗಪಟ್ಟಣದ ಸಾಮಂತನ ಮಗಳು, ಇನ್ನೊಬ್ಬಾಕಿ ವೇಶ್ಯೆ, ರಾಜ ಆಗೋಕಿಂತ ಮೊದ್ಲೇ ಪ್ರೀತಿ ಇತ್ತು, ರಾಜ ಆದ್ರ ಲಗ್ನ ಆಗ್ತೀನಿ ಅಂತ ಮಾತು ತಗೊಂಡಿದ್ಲು, ಹಂಗ ಆತು, ಅಕಿ ಪ್ರೀತಿಗೆ ಹೊಸ ಊರು ಕಟ್ಟಿಸಿದ. ಮಜಾ ಏನಂದ್ರ ಪಯಸ್ ಅಕಿ ಹೆಸರು ಹೇಳೂದಿಲ್ಲ. ಊರಿನ ಹೆಸರು ಬರಬೇಕಾದ ಜಾಗಾನೂ ಹಸ್ತಪ್ರತಿಯಾಗ ಖಾಲಿ ಬಿಟ್ಟೈತಿ!

ಪಯಸ್ ಹೇಳಿದ್ದರಾಗ ನನಗ ಭಾಳ ಬೆಲೆ ಅನ್ನಿಸೋದು ಬೇರೆ ಎರಡು ಮಾತು. ಒಂದು, ಆ ಮೂವರಿಗೂ ಎಲ್ಲಾ ಸರಿಸಮ ಇತ್ತು, ಒಬ್ಬರಿಗೆ ಇದ್ದಷ್ಟೇ ಇನ್ನೊಬ್ಬರಿಗೆ, ಮನಸ್ತಾಪ ಆಗಬಾರದಂತ, ಎಲ್ಲಾರೂ ಬ್ಯಾರೆ ಬ್ಯಾರೆ ಮನಿಯಾಗ ಇದ್ರು. ಎರಡು, ಊರಿನ ವೇಶ್ಯೆಯರು ರಾಣಿಯರ ಹತ್ರ ಹೋಗಿ ಕುಂತು ಅವರ ಜೊತಿ ಎಲಿ ಅಡಿಕಿ ಹಾಕ್ಕೋಬಹುದಿತ್ತು, ಎಷ್ಟೇ ದೊಡ್ಡ ಮನಷ್ಯಾ ಇದ್ರೂ ಬೇರೆಯವರಿಗೆ ಆ ಅವಕಾಶ ಇರಲಿಲ್ಲ. ಈ ಎರಡನೇ ಮಾತು ತಲಿಯಾಗ ಇಟಗೊಳ್ರಿ, ಇಲ್ಲಾಂದ್ರ ಇವತ್ತಿನ ಬೈಗುಳದ ಕಣ್ಣಿಲೆ ಆ ಕಾಲದ ಹೆಣ್ಣುಮಗಳನ್ನ ಅಳಿಯಾಕ ಹೋಗ್ತೀರಿ. ಆದ್ರ ಪಯಸ್‌ನೇ ಒಪ್ಪತಾನ, ರಾಣಿವಾಸದೊಳಗ ಗಂಡಸರು ಹೋಗಂಗಿಲ್ಲ ಅಂತ. ಹಂಗಾದ್ರ ಒಳಗಿನ ಸುದ್ದಿ ಅವನಿಗೆ ಕೇಳಿದ್ದು, ನಾಕನೇ ಕಾಲಂನಾಗ "ಕೇಳಿದ್ದು" ಅಂತ ಹಾಕ್ರಿ.

ಇನ್ನೊಬ್ಬ ಪೋರ್ಚುಗೀಸ್ ನ್ಯೂನಿಜ್, ಕುದುರಿ ವ್ಯಾಪಾರದಾಂವ, ಬರದಿದ್ದು 1535ರ ಮ್ಯಾಲ, ಅಂದ್ರ ಕೃಷ್ಣದೇವರಾಯ 1529ರಾಗ ತೀರಿಕೊಂಡು ತಮ್ಮ ಅಚ್ಯುತರಾಯ ಆಳಾಕತ್ತ ಕಾಲ. ಚಿನ್ನಾದೇವಿ ಅನ್ನೋ ಹೆಸರನ್ನ ಈ ಕಥಿಗೆ ಅಂಟಿಸಿದಾಂವ ಇವನೇ. ರಾತ್ರಿ ಕದ್ದು ಹೋಗೋದು, ಸಾಳುವ ತಿಮ್ಮ (ಅದೇ ತಿಮ್ಮರಸು) ಬೆನ್ನತ್ತಿ ಹೋಗಿ ಬೈದು ಕರಕೊಂಡು ಬರೋದು, ರಾಯ ಹಟ ಹಿಡಿಯೋದು, ಆಮ್ಯಾಲ ಮಂತ್ರಿ "ನಿಮಗ ಕೆಟ್ಟ ಹೆಸರು ಬರದಂಗ ಮಾಡ್ತೀನಿ" ಅಂತ ಮೊದ್ಲ ಒಬ್ಬ ರಾಜಮನೆತನದ ಹುಡುಗಿ ಜೊತಿ ಲಗ್ನ ಮಾಡಿಸಿ, ಲಗ್ನ ಮುಗಿದ ಕೂಡ್ಲೇ ಇಕಿನೂ ಅಕಿನೂ ಒಂದೇ ಮನಿಗೆ ತಂದು ಇಡೋದು, ಎಲ್ಲಾ ನ್ಯೂನಿಜ್‌ದು. ನಾಟಕದವರಿಗೆ ಹಬ್ಬ. ತಪಾಸ ಮಾಡೋರಿಗೆ ಮಾತ್ರ ಇಲ್ಲಿ ಬ್ರೇಕ್ ಬೇಕು, ಇಪ್ಪತ್ತೈದು ವರ್ಷದ ಹಿಂದ ಕತ್ತಲದಾಗ ರಾಜ ಮತ್ತ ಮಂತ್ರಿ ಇಬ್ಬರೇ ಆಡಿದ ಮಾತು ಕುದುರಿ ಮಾರಾಕ ಬಂದಾವನ ಕಿವಿಗೆ ಯಾರು ಮುಟ್ಟಿಸಿದ್ರು?

ಹಂಗಂತ ನ್ಯೂನಿಜ್‌ನ ಪೂರ್ತಿ ಒಗಿಯಾಕೂ ಬರೂದಿಲ್ಲ. ಈಗ ನೋಟ್‌ಬುಕ್ ತಗದು ಕಲ್ಲಿನ ಸಾಲು, ಇವನ ಸಾಲು ಬಾಜೂ ಬಾಜೂ ಇಟ್ಟು ನೋಡ್ರಿ. ಇಬ್ಬರು ಹೆಣ್ಣುಮಕ್ಕಳು ಒಟ್ಟಿಗೆ ರಾಣಿಯಾಗಿ ಬಂದ್ರು ಅಂತ ಅಂವ ಹೇಳ್ತಾನ. 1513, 1515ರ ಶಾಸನದಾಗ, ತಿರುಮಲದ ಮೂರ್ತಿಯಾಗ ಇಬ್ಬರೇ ಜೋಡಿಯಾಗಿ ಬರತಾರ. ಗಜಪತಿ ಮಗಳು ಆಗ ಇರೂದಿಲ್ಲ, ಕಳಿಂಗದ ಯುದ್ಧ ಮುಗಿದು ಸಂಧಿ ಆದಮ್ಯಾಲ, 1518-19ರ ಹೊತ್ತಿಗೆ ಅಕಿ ಲಗ್ನ, ಪಯಸ್ ಬಂದಾಗ ಅಕಿ ಮೂವರಾಗ ಒಬ್ಬಾಕಿ ಆಗ್ಯಾಳ. ಕತ್ತಲಿನ ಸಂಭಾಷಣೆ ಬಿಟ್ಟಾಕ್ರಿ, ಕಥಿಯ ಅಸ್ಥಿಪಂಜರ ಕಲ್ಲಿಗೆ ಹೊಂದತೈತಿ. ನನಗ ಈ ಹೊಂದಾಣಿಕಿ ಸಣ್ಣದಲ್ಲ ಅನ್ನಿಸ್ತೈತಿ.

ನಾಗಲಾಪುರದ ಗಂಟು ಇಲ್ಲೇ ಬಿಚ್ಚಬೇಕು. ನ್ಯೂನಿಜ್ ಪ್ರಕಾರ ಚಿನ್ನಾದೇವಿ ಮ್ಯಾಲಿನ ಪ್ರೀತಿಗೆ ಕಟ್ಟಿಸಿದ ಊರಿನ ಹೆಸರು ನಾಗಲಾಪುರ, ಸುತ್ತ ಹೊಸ ಕೋಟಿ, 4700 ಹೆಜ್ಜಿ ಉದ್ದ 40 ಹೆಜ್ಜಿ ಅಗಲದ ಬೀದಿ. ಅದು ಇವತ್ತಿನ ಹೊಸಪೇಟಿ. ಹೊಸಪೇಟಿಯವರು ಟ್ರಾಫಿಕ್‌ನಾಗ ನಿಂತಾಗ ಆ 40 ಹೆಜ್ಜಿ ನೆನಸ್ಕೋಬೇಕು ಅಷ್ಟೇ. ಈಗ ನೀವೇ ಹೇಳ್ರಿ, ಪ್ರೀತಿ ಮಾಡಿದ್ದು ಚಿನ್ನಾದೇವಿನ್ನ, ಊರಿಗೆ ಇಟ್ಟಿದ್ದು ನಾಗಲಾ ಅಂತ ಹೆಸರು, ಹೆಂಗ ಹೊಂದತೈತಿ? ವಿರೂಪಾಕ್ಷ ಗುಡಿ ಕಲ್ಲು ಓದಿದವರಿಗೆ ಉತ್ತರ ಕೈಯಾಗೇ ಐತಿ, ಅದು ತಾಯಿ ಹೆಸರು. ತಿರುಪತಿ ಕಡೆ ವೇದನಾರಾಯಣ ಗುಡಿ ಇರೋ ಊರಿಗೂ ನಾಗಲಾಪುರಂ ಅಂತಾರ, ಅದೂ ರಾಯನ ತಾಯಿ ಹೆಸರಿಂದ ಬಂತಂತ ಅಲ್ಲಿಯವರು ಹೇಳ್ತಾರ. ಊರಿನ ಹೆಸರು ನ್ಯೂನಿಜ್ ಸರಿ ಬರಕೊಂಡ, ಕಾರಣ ಮಾತ್ರ ಪ್ಯಾಟ್ಯಾಗ ಕೇಳಿದ್ದು ಬರದ. ಮುಂದ ಯಾರೋ ಬಂದು ಊರಿನ ಹೆಸರು ಅಕೀದೇ ಇರಬೇಕಂತ ತಿಳಕೊಂಡು ನರ್ತಕಿಗೆ ನಾಗಲಾದೇವಿ ಅಂತ ಹೆಸರಿಟ್ರು, ತಾಯಿ ಹೋಗಿ ಪ್ರೇಯಸಿ ಆದ್ಲು. ನನ್ನ ಲೆಕ್ಕದಾಗ ಇಡೀ ಗೊಂದಲ ಹುಟ್ಟಿದ್ದೇ ಇಲ್ಲಿ.

ಇನ್ನ ಲಗ್ನ ಆಗಿತ್ತೋ ಇಲ್ಲೋ. ಈ ಪ್ರಶ್ನೆಯನ್ನ ಒಂದೇ ಸಲ ಕೇಳಿದ್ರ ಜಗಳ ಮುಗಿಯಂಗಿಲ್ಲ, ತುಂಡು ಮಾಡಿ ಕೇಳ್ರಿ. ಚಿನ್ನಾದೇವಿ ರಾಣಿ ಆಗಿದ್ಲಾ? ಹೌದು, 1513ರ ಹೊತ್ತಿಗೆ ಕಲ್ಲಿನ ಮ್ಯಾಲ ಐತಿ, ಅದಕ್ಕ ಎದುರು ಮಾತಿಲ್ಲ. ಅಕಿ ಸ್ಥಾನ ತಿರುಮಲದೇವಿಗಿಂತ ಕಡಿಮಿ ಇತ್ತಾ? ಕಾಣಿಕಿ ಸಮಾ, ದಾನ ಸಮಾ, ಮೂರ್ತಿ ಸಮಾ. ಗಂಡನ ಬಾಜೂಕ ನಿಂತು ಮಹಾದಾನ ಮಾಡೋದು ಇಟ್ಟುಕೊಂಡಾಕಿಗೆ ಸಿಗೋ ಜಾಗ ಅಲ್ಲ ಅನ್ನೋದನ್ನ ನಮ್ಮ ಹಳ್ಳಿಯಾಗ ಸತ್ಯನಾರಾಯಣ ಪೂಜಿಗೆ ಕುಂತವರೂ ಹೇಳ್ತಾರ. ಆ ವೇಶ್ಯೆ ಮತ್ತ ಈ ಚಿನ್ನಾದೇವಿ ಒಬ್ಬರೇನಾ? ಇದನ್ನ ಹೇಳಾಂವ ನ್ಯೂನಿಜ್, ಪಯಸ್ ಹೇಳಿದ್ದಕ್ಕ ಅದು ಹೊಂದತೈತಿ, ಯಾಕಂದ್ರ ಮೂವರಾಗ ಇಬ್ಬರು ಒರಿಸ್ಸಾ ಮತ್ತ ಶ್ರೀರಂಗಪಟ್ಟಣದವರು ಅಂತ ಹೋದ್ರ ಉಳಿಯೋ ಹೆಸರು ಚಿನ್ನಾದೇವಿದೇ. ಇದು ಹೊಂದಾಣಿಕಿಯಿಂದ ಬಂದ ಉತ್ತರ, ಕಲ್ಲಿನ ಉತ್ತರ ಅಲ್ಲ, ಹಂಗೇ ಬರೀರಿ. ತಾಳಿ ಕಟ್ಟಿದ್ದು, ಮುಹೂರ್ತ, ಮಂಟಪ, ತಿಮ್ಮರಸನ ಡೈಲಾಗ್, ಅವು ನಾಟಕದವರ ಪಾಲು.

ಮನಿತನದ ವಿಷಯಕ್ಕ ಬಂದ್ರ ಇನ್ನೂ ಬಿಗಿ ಹಿಡೀಬೇಕು. ಇಬ್ಬರು ಪೋರ್ಚುಗೀಸರೂ ಆ ಹೆಣ್ಣುಮಗಳ ಅಪ್ಪ ಅವ್ವನ ಹೆಸರು ಹೇಳೂದಿಲ್ಲ. ಆದ್ರ ಇಂಟರ್ನೆಟ್‌ನಾಗ ಹುಡುಕಿದ್ರ ಇಂಥಾ ಊರಿನಾಕಿ, ಇಂಥಾ ಜಾತಿಯಾಕಿ, ಇಂಥಾ ಗುಡಿಯಾಗ ಕುಣೀತಿದ್ಲು ಅಂತ ರಾಶಿ ಬೀಳ್ತೈತಿ. ಅಂಥದ್ದು ಸಿಕ್ಕಾಗ ಹೇಳಿದವರಿಗೆ ಒಂದೇ ಮಾತು ಕೇಳ್ರಿ, ಯಾವ ಕಲ್ಲು, ಯಾವ ಸಂಪುಟ, ಎಷ್ಟನೇ ನಂಬರ್ ಶಾಸನ? ನಂಬರ್ ಬಂತು ಅಂದ್ರ ಚಾ ಕುಡಿಸಿ ಕುಂದ್ರಿಸಿಕೊಂಡು ಕೇಳ್ರಿ. "ನಮ್ಮ ಹಿರಿಯರು ಹೇಳ್ತಿದ್ರು" ಅಂತ ಬಂದ್ರ ಅದನ್ನೂ ಬರಕೊಳ್ರಿ, ಮೂರನೇ ಕಾಲಂನಾಗ ಇವತ್ತಿನ ತಾರೀಖು ಹಾಕಿ. ಜಾತಿ ಮಾತು ಬಂದಲ್ಲಿ ಡಬಲ್ ಹುಷಾರ್, ರಾಣಿನ್ನ ತಮ್ಮ ಕಡೆ ಎಳಕೊಳ್ಳೋರೂ ಅದಾರ, ಎದುರಿನವರನ್ನ ಹಂಗಿಸಾಕ ಅಕಿ ಹೆಸರು ತಗಿಯೋರೂ ಅದಾರ, ರೀಲ್ಸ್ ಥಂಬ್‌ನೇಲ್‌ನಾಗ ಕೆಟ್ಟ ಶಬ್ದ ಹಾಕಿ ವ್ಯೂಸ್ ಮಾಡ್ಕೊಳ್ಳೋರಂತೂ ಕೇಳಬ್ಯಾಡ್ರಿ.

ಜಾಗಾ ನೋಡಾಕ ಹೋಗೋರಿಗೆ ಎರಡು ಮಾತು. ಹೊಸಪೇಟಿಯಿಂದ ಹಂಪಿ ಬಸ್ ಹತ್ತಿದ್ರ ದಾರ್ಯಾಗ ಅನಂತಶಯನಗುಡಿ ಸಿಗತೈತಿ, ಇಳೀರಿ. ರಾಯನ ಮಗ ತಿರುಮಲರಾಯನ ಹೆಸರಿಗೆ 1524ರಾಗ ಕಟ್ಟಿದ ಊರು ಅದು, ಗುಡಿಯೊಳಗ ಮಲಗಿದ ದೇವರ ಮೂರ್ತಿ ಈಗ ಇಲ್ಲ, ಉದ್ದನ ಪೀಠ ಖಾಲಿ ಐತಿ. ಮನಿಯವರ ಹೆಸರಿಗೆ ಊರು ಕಟ್ಟೋದು ಆ ಮನಿತನದಾಗ ರೂಢಿ ಇತ್ತು ಅನ್ನೋದಕ್ಕ ಇದಕ್ಕಿಂತ ಸಾಕ್ಷಿ ಬೇಕಿಲ್ಲ, ನಾಗಲಾಪುರ ತಾಯಿ ಹೆಸರಿನದು ಅನ್ನೋ ಮಾತಿಗೂ ಇದು ಬಲ ಕೊಡತೈತಿ. ಇನ್ನೊಂದು, ಹಂಪಿಯಾಗ ಸೂಳೆಬಜಾರ್ ತೋರಿಸಿ "ಇಲ್ಲೇ ಚಿನ್ನಾದೇವಿ ಮನಿ ಇತ್ತು, ಇಲ್ಲಿಗೇ ರಾಯ ಬರತಿದ್ದ" ಅಂತ ಯಾರಾದ್ರೂ ಹೇಳಿದ್ರ ನಕ್ಕು ಸುಮ್ಮನಾಗ್ರಿ. ಆ ಬೀದಿ ಇರೋದು ಅಚ್ಯುತರಾಯ ಗುಡಿ ಮುಂದ, ಗುಡಿ ಆಗಿದ್ದು 1534ರಾಗ, ಶಾಸನದಾಗ ಆ ಪ್ಯಾಟಿ ಹೆಸರು ಅಚ್ಯುತಪೇಟೆ. ರಾಯ ತೀರಿಕೊಂಡು ಐದು ವರ್ಷ ಆಗಿತ್ತು.

ಶಾಸನದ ಫೋಟೋ ತಗಿಯೋರು ಬೆಳಗ್ಗೆ ಲಗೂ ಹೋಗ್ರಿ ಇಲ್ಲಾ ಸಂಜಿಮುಂದ, ಬಿಸಿಲು ಅಡ್ಡ ಬಿದ್ದಾಗ ಅಕ್ಷರ ಎದ್ದು ಕಾಣ್ತಾವ. ಮಧ್ಯಾಹ್ನದಾಗ ಕಲ್ಲು ಬರೀ ಬೆಳ್ಳಗ. ಸುಣ್ಣ, ಚಾಕ್‌ಪೀಸ್, ಎಣ್ಣಿ ಹಚ್ಚಿ ಅಕ್ಷರ ತಿದ್ದೋ ಚಟ ಕೆಲವರಿಗೈತಿ, ಕಲ್ಲು ಹಾಳಾಗ್ತೈತಿ, ಸಂರಕ್ಷಿತ ಸ್ಮಾರಕದಾಗ ಕೇಸೂ ಆಗ್ತೈತಿ.

ರಾಯಚೂರು ಕಡೆಯವರು ಇದನ್ನ ಓದಾಕತ್ತಿದ್ರ ನಿಮಗ ನಿಮ್ಮ ಜಿಲ್ಲಾದಾಗೇ ಒಂದು ಅಭ್ಯಾಸ ಐತಿ, ಮುದಗಲ್ಲಿನ ಅಕ್ಕಸಾಲಿಗರ ಮಗಳ ಕಥಿ. ಒಂದನೇ ದೇವರಾಯ ಅಕಿ ಚೆಲುವಿಕೆ ಕೇಳಿ ಬಂಗಾರದ ಸರ ಕೊಟ್ಟು ಹೆಣ್ಣು ಕೇಳಾಕ ಕಳಿಸಿದ್ದ, ಅಪ್ಪ ಅವ್ವ ಹೂಂ ಅಂದ್ರೂ ಹುಡುಗಿ "ಆ ರಾಣಿವಾಸ ಹೊಕ್ಕೋರು ಮತ್ತ ತೌರಿನ ಮಾರಿ ನೋಡೂದಿಲ್ಲ" ಅಂತ ಒಲ್ಲೆ ಅಂದ್ಲು, ರಾಯ ದಂಡು ಕಳಿಸಿದ, 1406ರಾಗ ಫಿರೋಜ್ ಷಾ ಬಹಮನಿ ಯುದ್ಧಕ್ಕ ಬಂದ, ಕಡೀಕ ಅಕಿನ್ನ ತನ್ನ ಮಗ ಹಸನ್ ಖಾನ್‌ಗೆ ಕೊಟ್ಟು ಲಗ್ನ ಮಾಡಿದ, ದೇವರಾಯನ ಮಗಳನ್ನ ತಾನು ಲಗ್ನ ಆದ, ಬಂಕಾಪುರ ಬಳುವಳಿ ಬಂತು. ಇದನ್ನ ಹೇಳಾಂವ ಫೆರಿಶ್ತಾ, ಬಿಜಾಪುರದ ಆಸ್ಥಾನದಾಗ ಕುಂತು ಬರದಾಂವ, ಕಥಿ ನಡೆದು ಇನ್ನೂರು ವರ್ಷ ಆದಮ್ಯಾಲ. ನಾಕು ಕಾಲಂ ಹಾಕಿ ಶುರು ಮಾಡ್ರಿ, ಎರಡನೇ ಕಾಲಂನಾಗ ಫೆರಿಶ್ತಾ ಅಂತ ಬರದು ಅದರ ಕೆಳಗ ಇನ್ನೊಂದು ಹೆಸರು ಸೇರತೈತೇನು ಹುಡುಕ್ರಿ.